ಹೋಳಿಗೆಯ ಕ್ಯೂದಲ್ಲಿ ನನ್ನ ಕಾರುಬಾರು

ಕಂಪ್ಯೂಟರಿನ ಕೆಲಸ ಏನು ಮಹಾ ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಒಂದು ಕಡೆಯಿಂದ ಮೆಸೇಜು ಬರುತ್ತದೆ, ಇನ್ನೊಂದು ಕಡೆ ಯಾರೋ ಅದನ್ನು ತೆಗೆದುಕೊಂಡು ಹೇಳಿದ್ದನ್ನು ಮಾಡುತ್ತಾರೆ. ಮದುವೆಯಾಗಿ ಶೇಡಬಾಳಕ್ಕೆ ಬಂದ ದಿನದಿಂದ ನಾನು ಮಾಡುತ್ತ ಬಂದದ್ದೂ ಅದನ್ನೇ. ಅತ್ತೆಯದೊಂದು ಮೆಸೇಜು, ಮಾವನದೊಂದು ಮೆಸೇಜು, ದ್ರಾಕ್ಷಿ ತೋಟದಿಂದ ನಮ್ಮವರದೊಂದು ಮೆಸೇಜು. ಎಲ್ಲವನ್ನೂ ನುಂಗಿ ಅರಗಿಸಿಕೊಂಡವಳು ನಾನು. ಹೀಗಾಗಿ ಸೊಸೆ ರೂಪಾಲಿ ಒಂದು ದಿನ, ತನ್ನ ಹೊಸ ಸಿಸ್ಟಮ್ಮಿಗೆ ಶೇಡಬಾಳದಿಂದ ಒಬ್ಬ ಕನ್ಸ್ಯೂಮರ್ ಬೇಕು, ಕನ್ಸ್ಯೂಮರ್ ಎಂದರೆ ಸಾಲಿನಿಂದ ಮೆಸೇಜು ತೆಗೆದುಕೊಂಡು ಕೆಲಸ ಮಾಡುವವರು ಎಂದು ವಿವರಿಸಿದಾಗ, ನಾನು ಪೂರ್ತಿ ಕೇಳಲೂ ಇಲ್ಲ. ಐ ವಾಸ್ ರೆಡಿ!

ರೂಪಾಲಿ ನಿಪ್ಪಾಣಿಯ ಹುಡುಗಿ. ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ಕುಳಿತು ದೂರದ ಯಾವುದೋ ಕಂಪನಿಗೆ ಸಾಫ್ಟ್‌ವೇರ್ ಬರೆಯುತ್ತಾಳೆ. ಅವಳೇನು ಮಾಡುತ್ತಾಳೆಂದು ನಮ್ಮ ಓಣಿಯ ಹೆಂಗಸರಿಗೆ ಇವತ್ತಿಗೂ ತಿಳಿದಿಲ್ಲ. ಮೇಲೆ ಕುಳಿತು ದಿನವೆಲ್ಲ ಫೋನು ಆಡುತ್ತಾಳೆ ಎನ್ನುತ್ತಾರೆ. ಆ ಮಾತು ಅವಳಿಗಿಂತ ನನಗೇ ಹೆಚ್ಚು ಚುಚ್ಚುತ್ತದೆ. ನಾನೂ ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಹ್ಯಾಂಡ್‌ರೈಟಿಂಗಿಗೆ ಪ್ರೈಜು, ಎಲೋಕ್ಯೂಶನ್ನಿಗೆ ಪ್ರೈಜು. ಆಮೇಲೆ ಆ ಇಂಗ್ಲಿಷೆಲ್ಲ ಉಪಯೋಗಕ್ಕೆ ಬಂದದ್ದು ದ್ರಾಕ್ಷಿಗೆ ಹೊಡೆಯುವ ಔಷಧದ ಬಾಟಲಿಯ ಮೇಲಿನ ಸಣ್ಣಕ್ಷರ ಓದಲಿಕ್ಕೆ. ಕಲಿತದ್ದು ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಯಂತೆ ಕೂತುಬಿಡುವುದು ಹೇಗಿರುತ್ತದೆಂದು ನನಗೆ ಗೊತ್ತು. ಈ ಹುಡುಗಿಗೆ ಹಾಗಾಗಬಾರದು ಎಂಬುದು ನನ್ನ ಮನಸ್ಸಿನಲ್ಲಿತ್ತು.

ಈಗ ಆ ಸಿಸ್ಟಮ್ಮಿನ ವಿಷಯ. ನಮ್ಮ ಭಾಗದ ಹೆಂಗಸರದೊಂದು ಶೇಂಗಾ ಹೋಳಿಗೆಯ ಸಂಘವಿದೆ. ಚಿಕ್ಕೋಡಿಯ ಶಕುಂತಲಾ ಅದರ ಅಧ್ಯಕ್ಷೆ. ನಿಪ್ಪಾಣಿಯಲ್ಲಿ ಒಂದು ಮನೆ, ಅಥಣಿಯಲ್ಲಿ ಒಂದು, ರಾಯಬಾಗದ ಕಡೆಗೆ ಪಾಲಬಾವಿಯಲ್ಲಿ ಒಂದು, ಕಾಗವಾಡದ ಕಡೆಗೆ ಶೇಡಬಾಳದ ನಮ್ಮ ಮನೆ. ಆರ್ಡರುಗಳೆಲ್ಲ ಶಕುಂತಲಾಳ ಫೋನಿಗೆ ಬರುತ್ತಿದ್ದವು. ಅವಳು ಒಬ್ಬೊಬ್ಬರಿಗೂ ಫೋನು ಹಚ್ಚಿ, ನೀ ಮಾಡುತ್ತೀಯಾ, ನೀ ಮಾಡುತ್ತೀಯಾ ಎಂದು ಕೂಗಿ ಕೂಗಿ, ಮದುವೆಯ ಸೀಜನ್ ಮುಗಿಯುವ ಹೊತ್ತಿಗೆ ಗಂಟಲು ಕಟ್ಟಿಕೊಂಡು ಬರೀ ಕೈಸನ್ನೆಯಲ್ಲಿ ಮಾತಾಡುತ್ತಿದ್ದಳು. ಅದನ್ನು ನೋಡಿ ರೂಪಾಲಿ, ಕಂಪನಿಯ ಕೆಲಸ ಮುಗಿಸಿದ ಮೇಲೆ ತಾನೇ ಕುಳಿತು, ಆರ್ಡರುಗಳಿಗೆ ಒಂದು ಮೆಸೇಜ್ ಕ್ಯೂ ಮಾಡಿದಳು. ಜೀವನದಲ್ಲಿ ಮೊದಲ ಸಲ ತನ್ನ ತವರಿನ ಮಂದಿಗೂ ಅರ್ಥವಾಗುವಂಥದ್ದೊಂದನ್ನು ಮಾಡಿದ ಖುಷಿ ಅವಳ ಮುಖದ ಮೇಲಿತ್ತು.

ಸಂಘದವರಿಗೆ ಅನುಮಾನ. ಶಕುಂತಲಾ ಮೀಟಿಂಗಿನಲ್ಲಿ ತೀರ್ಪು ಕೊಟ್ಟಳು.

"ನನ್ನ ಮಗಳ ನಿಶ್ಚಯ ಆಗೂತನಾ ನಡಸಿ ನೋಡೂಣು. ನೆಟ್ಟಗ ನಡೀತು, ಇಟ್ಕೊಳ್ಳೂಣು. ಇಲ್ಲಾಂದ್ರ ನಮ್ಮ ಫೋನ ನಮಗ ಚೊಲೊ."

ಬಸ್ಸಿನಲ್ಲಿ ಬರುವಾಗ ರೂಪಾಲಿ ಕಿಟಕಿಯ ಆಚೆ ನೋಡುತ್ತ ಕುಳಿತಿದ್ದಳು. ನಾನು ಅವಳ ಕೈ ಹಿಡಿದು, ಡೋಂಟ್ ವರಿ, ನಾನಿದ್ದೇನೆ ಎಂದೆ. ಅವಳು ಅಂದೇ ಹೆದರಬೇಕಿತ್ತು.

ಮನೆಗೆ ಬಂದ ಮೇಲೆ ಅವಳು ನನ್ನ ಫೋನಿನಲ್ಲಿ ಎರಡು ಗುಂಡಿ ಮೂಡಿಸಿ ಪಾಠ ಮಾಡಿದಳು.

"ಅತ್ತಿ, ಆರ್ಡರ್ ಬಂದು ಸಾಲಾಗಿ ನಿಲ್ಲತಾವ. ಯಾರ ಒಲಿ ಖಾಲಿ ಐತೋ ಅವ್ರು 'ಕೊಡು' ಒತ್ತೂದು. ಮುಂದಿಂದು ಒಂದು ಅವರಿಗೆ ಬರತೈತಿ. ಹೋಳಿಗಿ ಮಾಡಿ ಬಸ್ಸಿಗೆ ಹಾಕಿದ ಮ್ಯಾಲ 'ಆತು' ಒತ್ತೂದು. ಒತ್ತಿದ ಕೂಡ್ಲೆ ಅದು ಸಾಲಿನಿಂದ ಹೋಗಿಬಿಡತೈತಿ. ಇಷ್ಟ ನೋಡ್ರಿ."

ಸಾಲು ಒಂದೇ ಕಂಪ್ಯೂಟರಿನಲ್ಲಿ ಇರುವುದಿಲ್ಲವಂತೆ. ಬೇರೆ ಬೇರೆ ಊರಿನ ಕಂಪ್ಯೂಟರುಗಳಲ್ಲಿ ಅದರ ನಕಲು ಇರುತ್ತದಂತೆ. ಒಂದು ಮಲಗಿದರೆ ಇನ್ನೊಂದು ಎದ್ದಿರುತ್ತದೆ. ಕೂಡು ಕುಟುಂಬದ ಸೊಸೆಯರ ಹಾಗೆ ಎಂದು ನಾನು ತಕ್ಷಣ ಹಿಡಿದೆ. ಇದಕ್ಕೆ ಡಿಸ್ಟ್ರಿಬ್ಯೂಟೆಡ್ ಎನ್ನುತ್ತಾರೆ ಎಂದಳು. 'ಆತು' ಒತ್ತದಿದ್ದರೆ ಏನಾಗುತ್ತದೆ ಎಂಬುದನ್ನೂ ಹೇಳಿದಳಂತೆ. ಆ ಹೊತ್ತಿಗೆ ನಾನು ಡಿಸ್ಟ್ರಿಬ್ಯೂಟೆಡ್ ಎಂಬುದರ ಸ್ಪೆಲಿಂಗ್ ನಮ್ಮವರಿಗೆ ಹೇಳಿಕೊಡುವುದರಲ್ಲಿದ್ದೆ.

ಮರುದಿನ ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಕನ್ನಡಕ ಒರೆಸಿ, ವಿಧ್ಯುಕ್ತವಾಗಿ 'ಕೊಡು' ಒತ್ತಿದೆ. ಆರ್ಡರ್ ಬಂತು. ಯಾರದೋ ಮನೆಯ ತೊಟ್ಟಿಲು ಕಾರ್ಯಕ್ಕೆ ಒಂದು ಡಬ್ಬಿ ಹೋಳಿಗೆ. ಒಳ್ಳೆಯದು. ಇದರ ಹಿಂದೆ ಯಾರ ಮನೆಯದು ನಿಂತಿರಬಹುದು? ಯಾರ ಮನೆಯಲ್ಲಿ ಏನು ಕಾರ್ಯ ಎಂಬುದು ನಮ್ಮ ಕಡೆ ಎಲ್ಲರಿಗೂ ತಿಳಿದಿರಬೇಕಾದ ವಿಷಯ. ಇನ್ನೊಮ್ಮೆ ಒತ್ತಿದೆ. ಗೃಹಪ್ರವೇಶ. ಇನ್ನೊಮ್ಮೆ. ಓಹೋ, ಅವರ ಮಗನಿಗೆ ಕಡೆಗೂ ಹೆಣ್ಣು ಸಿಕ್ಕಿತೇ! ಇನ್ನೊಮ್ಮೆ. ಕಪ್ಪಿನ ಚಹಾ ಆರುವುದರೊಳಗೆ ಐದು ತಾಲೂಕಿನ ಶುಭಕಾರ್ಯಗಳೆಲ್ಲ ನನ್ನ ಮಡಿಲಲ್ಲಿದ್ದವು.

ಸ್ವಲ್ಪ ಹೊತ್ತಿಗೆ ಅಥಣಿಯ ಮಾಲನ್‌ಬಿ ಫೋನು ಮಾಡಿದಳು. ಅವಳು ನನ್ನ ಓರಗೆಯವಳು. ಸಂಘದಲ್ಲಿ ಅವಳಷ್ಟು ತೆಳ್ಳಗೆ ಹೋಳಿಗೆ ಲಟ್ಟಿಸುವವರು ಇಲ್ಲ.

"ಅಕ್ಕಾರ, ಹಂಚ ಕಾಸಿ ಕುಂತೀನಿ. ಗುಂಡಿ ಒತ್ತಿ ಒತ್ತಿ ಕೈಬಟ್ಟ ನೂಸಾಕತ್ತೈತಿ. ಸಾಲಿನ್ಯಾಗ ಒಂದೂ ಇಲ್ಲ. ಈ ವರ್ಷ ಯಾರೂ ಮದವಿ ಆಗಂಗಿಲ್ಲೇನು?"

ನಿಪ್ಪಾಣಿಯ ಹಂಚೂ ಕಾದಿತ್ತು, ಪಾಲಬಾವಿಯದೂ ಕಾದಿತ್ತು. ಇತ್ತ ನಾನು ಒಂದು ಹೋಳಿಗೆಯನ್ನೂ ಬೇಯಿಸದೆ ಎಲ್ಲರ ಆರ್ಡರುಗಳನ್ನು ಓದುತ್ತ ಕುಳಿತಿದ್ದೆ. ರೂಪಾಲಿ ಮಾಳಿಗೆಯಿಂದ ಇಳಿದು ಬಂದು ನೋಡಿದಳು. ಊಟದ ಪಂಕ್ತಿಯಲ್ಲಿ ಒಬ್ಬರೇ ಎಲ್ಲರ ಎಲೆಗಳನ್ನೂ ತಮ್ಮ ಕಡೆಗೆ ಎಳೆದುಕೊಂಡ ಹಾಗೆ ಆಗಿದೆ ಎಂದು ಬಹಳ ಮೃದುವಾಗಿ ತಿಳಿಸಿ, ನನ್ನ ಕೈಲಿದ್ದವನ್ನೆಲ್ಲ ಸಾಲಿಗೆ ಮರಳಿಸಿ, ಇನ್ನು ಮೇಲೆ ನನಗೆ ಒಂದು ಸಲಕ್ಕೆ ಒಂದೇ ಎಂದು ಬಿಗಿ ಮಾಡಿದಳು. ಶಕುಂತಲಾಳಿಗೆ ಮಾತ್ರ, ಹೊಸದರಲ್ಲಿ ಹೀಗಾಗುತ್ತದೆ, ತನ್ನ ಕಡೆಯಿಂದಲೇ ಸಣ್ಣದೊಂದು ತಪ್ಪು ಎಂದಳು. ನನ್ನ ಹೆಸರು ಎತ್ತಲಿಲ್ಲ. ಮುಂದಿನದನ್ನು ಅಚ್ಚುಕಟ್ಟಾಗಿ ಮಾಡಿ ತೋರಿಸಲೇಬೇಕು!

ಮುಂದಿನದು ರಾಯಬಾಗದ ಒಬ್ಬ ವಕೀಲರ ಮನೆಯದು. ಬಸುರಿ ಸೊಸೆಯ ಕುಬುಸದ ಕಾರ್ಯ, ದೊಡ್ಡ ಡಬ್ಬಿ. ಶೇಂಗಾ ಹದವಾಗಿ ಹುರಿದು, ಬೆಲ್ಲ, ಯಾಲಕ್ಕಿ ಕೂಡಿಸಿ ಕುಟ್ಟಿ, ಹೂರಣ ಅಂಚಿನ ತನಕ ಹರಡುವಂತೆ ಲಟ್ಟಿಸಿ, ಬೇಯಿಸಿ, ಸ್ಟೀಲಿನ ಡಬ್ಬಿಗೆ ತುಂಬಿ ನಮ್ಮವರ ಕೈಲಿ ಬಸ್ಸಿಗೆ ಹಾಕಿಸಿದೆ. ಪರ್ಫೆಕ್ಟ್ ಕೆಲಸ. ಉಳಿದದ್ದು 'ಆತು' ಒತ್ತುವುದೊಂದೇ.

ಒತ್ತಲಿಲ್ಲ. ಹೇಗೆ ಒತ್ತಲಿ? ಡಬ್ಬಿ ಇನ್ನೂ ತಿರುಗಿ ಬಂದಿಲ್ಲ!

ನಮ್ಮ ಕಡೆಯ ಪದ್ಧತಿ ಇದು. ಒಬ್ಬರ ಮನೆಗೆ ತಿನಿಸು ಕಳಿಸಿದರೆ, ಅವರು ಆ ಡಬ್ಬಿಯನ್ನು ಖಾಲಿ ಮರಳಿಸುವುದಿಲ್ಲ. ಒಂದು ಹಿಡಿ ಸಕ್ಕರೆಯೋ ಅಕ್ಕಿಯೋ ಬೆಲ್ಲದ ತುಣುಕೋ ಹಾಕಿ ಕಳಿಸುತ್ತಾರೆ. ಮುಚ್ಚಳ ತೆಗೆದು ಆ ಸಕ್ಕರೆ ನೋಡಿದ ಮೇಲೆಯೇ ನಮಗೆ ಸಮಾಧಾನ: ಮುಟ್ಟಿತು, ತಿಂದರು, ಮೆಚ್ಚಿದರು. ಅದಕ್ಕೂ ಮುಂಚೆ ಆತು ಅಂದುಬಿಡುವುದು ಎಂಥ ಮರ್ಯಾದೆ? ನಾನು ಹಿರಿಯಳೆಂಬ ಜವಾಬ್ದಾರಿಯಿಂದ ಉಳಿದ ಊರಿನವರಿಗೂ ಫೋನು ಮಾಡಿ, ಡಬ್ಬಿ ಬರುವ ತನಕ ಯಾರೂ ಆ ಗುಂಡಿ ಮುಟ್ಟಬೇಡಿರೆಂದು ತಾಕೀತು ಮಾಡಿದೆ. ಯಾರೂ ಯಾಕೆ ಎಂದು ಕೇಳಲಿಲ್ಲ. ಅದನ್ನೂ ಹೇಳಿಕೊಡಬೇಕೇ ಎನ್ನುವ ಧಾಟಿಯಲ್ಲಿ ಮಾತಾಡಿದರು.

ಆದರೆ ಮಷೀನಿಗೆ ಸಕ್ಕರೆಯ ವಿಷಯ ಗೊತ್ತಿಲ್ಲ. ಒಂದು ಹಗಲು ಕಾದು, 'ಆತು' ಬಾರದಿದ್ದರೆ, ತೆಗೆದುಕೊಂಡವರಿಗೆ ಏನೋ ಆಗಿದೆ ಎಂದು ತಿಳಿದು, ಅದೇ ಆರ್ಡರನ್ನು ಸುಮ್ಮನೆ ಮುಂದಿನವರಿಗೆ ಕೊಡುತ್ತದೆ. ರೂಪಾಲಿ ಹೇಳಿದ್ದಳಂತಲ್ಲ, ಅದೇ ಇದು. ನನ್ನ ಕೈಯಿಂದ ವಕೀಲರ ಆರ್ಡರು ನಿಪ್ಪಾಣಿಗೆ ಹೋಯಿತು. ನಿಪ್ಪಾಣಿಯವಳು ಡಬ್ಬಿ ಕಳಿಸಿ, ಗುಂಡಿ ಮುಟ್ಟದೆ ಕುಳಿತಳು. ಅಲ್ಲಿಂದ ಪಾಲಬಾವಿಗೆ. ಅವರೂ ಡಬ್ಬಿ ಕಳಿಸಿ ಕುಳಿತರು. ಆಮೇಲೆ ಅಥಣಿಗೆ. ಆಮೇಲೆ, ಗಾಡ್ ಹೆಲ್ಪ್ ಮಿ, ಸುತ್ತಿ ಬಂದು ಮತ್ತೆ ನನಗೇ! ವಕೀಲರ ಮನೆಯವರು ಇನ್ನೊಮ್ಮೆ ತರಿಸುತ್ತಿದ್ದಾರೆಂದರೆ ನನ್ನ ಕೈರುಚಿ ಎಂಥದ್ದಿರಬೇಕು ಎಂದು ಉಬ್ಬಿಹೋಗಿ, ಈ ಸಲ ಯಾಲಕ್ಕಿ ಇನ್ನಷ್ಟು ಹಾಕಿದೆ.

ರಾಯಬಾಗದಲ್ಲಿ ಕುಬುಸ ಮುಗಿದು ನೆಂಟರು ಊರಿಗೆ ಹೋದರೂ ಹೋಳಿಗೆ ಬರುವುದು ನಿಲ್ಲಲಿಲ್ಲ. ಆ ಮನೆಯ ಯಜಮಾನಿ ಸಂಪ್ರದಾಯಸ್ಥೆ. ಡಬ್ಬಿಗಳೆಲ್ಲ ಬಂದು ಮುಗಿಯಲಿ, ಒಟ್ಟಿಗೆ ಸಕ್ಕರೆ ಹಾಕಿ ಕಳಿಸೋಣ ಎಂದು ಕಾಯುತ್ತಿದ್ದರಂತೆ. ಡಬ್ಬಿ ಬರುವ ತನಕ ನಾವು ಹೋಳಿಗೆ ನಿಲ್ಲಿಸುವಂತಿಲ್ಲ, ಹೋಳಿಗೆ ನಿಲ್ಲುವ ತನಕ ಅವರು ಡಬ್ಬಿ ಕಳಿಸುವಂತಿಲ್ಲ! ಕಡೆಗೆ ಬಸುರಿ ಹುಡುಗಿ ಶೇಂಗಾದ ವಾಸನೆ ಬಂದರೆ ಸಾಕು ಎದ್ದು ಹಿತ್ತಲಿಗೆ ಓಡತೊಡಗಿದ ಮೇಲೆ, ಅವರು ಶಕುಂತಲಾಳಿಗೆ ಫೋನು ಮಾಡಿ, ನಮ್ಮಿಂದ ಏನು ತಪ್ಪಾಗಿದೆ ಎಂದು ಕೇಳಿದರಂತೆ.

ರೂಪಾಲಿ ಲ್ಯಾಪ್‌ಟಾಪ್ ತೆರೆದು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅತ್ತಿ, ಮಷೀನಿನ ಲೆಕ್ಕದಾಗ ನೀವು ಸತ್ತೀರಿ."

ನಮ್ಮವರು ಪೇಪರಿನಿಂದ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಕಪ್ಪನ್ನು ಒಮ್ಮೆ ನೋಡಿದರು.

"ಹಂಗಾರ ಈ ಚಾ ಯಾರು ಮಾಡ್ಯಾರ?"

ನಾನು ಸಕ್ಕರೆಯ ಪದ್ಧತಿಯನ್ನು ವಿವರಿಸಿದೆ. ರೂಪಾಲಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳೂ ನಿಪ್ಪಾಣಿಯವಳೇ, ಅವಳ ತಾಯಿಯೂ ಖಾಲಿ ಡಬ್ಬಿ ಕಳಿಸಿದವರಲ್ಲ. ಇದು ತನಗೇ ಹೊಳೆಯಬೇಕಿತ್ತು ಎಂದು ಹಣೆ ಚಚ್ಚಿಕೊಂಡಳು. ಮತ್ತೆ ಶಕುಂತಲಾಳ ಮುಂದೆ ತಪ್ಪನ್ನು ತನ್ನ ಮೈಮೇಲೆ ಹಾಕಿಕೊಂಡಳು. ಶಕುಂತಲಾ ಈ ಸಲ ಒಂದೇ ಮಾತು ಹೇಳಿದಳಂತೆ: ನಿಶ್ಚಯ ಹತ್ತಿರ ಬಂತು, ನೋಡಿಕೊ.

ನಾನು ಕುಳಿತು ಆತ್ಮಾವಲೋಕನ ಮಾಡಿಕೊಂಡೆ. ತಡ ಮಾಡಿದ್ದೇ ನನ್ನ ದೋಷ. ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಲೆಟರ್ ರೈಟಿಂಗ್ ಕಲಿಸುವಾಗ ಏನು ಹೇಳಿದ್ದರು? ಪತ್ರ ಕೈಗೆ ಬಂದ ಕೂಡಲೇ ಮುಟ್ಟಿದ್ದಕ್ಕೆ ಥ್ಯಾಂಕ್ಸ್ ಹೇಳಿ ನಾಲ್ಕು ಸಾಲು ಬರೆಯಬೇಕು, ಕೆಲಸ ಆಮೇಲೆ. ಅದೇ ಮ್ಯಾನರ್ಸ್. ಆ ಕ್ಲಾಸಿನ ಉದ್ದನೆಯ ಬೆಂಚು, ಇಂಕಿನ ವಾಸನೆ, ಕಿಟಕಿಯಾಚೆಯ ಗುಲಾಬಿ ಗಿಡ ಎಲ್ಲ ಕಣ್ಣ ಮುಂದೆ ಬಂದವು. ಇಷ್ಟು ವರ್ಷಗಳ ಮೇಲೆ ಆ ವಿದ್ಯೆಗೆ ಕರೆ ಬಂದಿದೆ! ಇನ್ನು ಮೇಲೆ ನಾನು 'ಕೊಡು' ಒತ್ತಿದ ಉಸಿರಿನಲ್ಲೇ 'ಆತು' ಒತ್ತುವೆ ಎಂದು ನಿಶ್ಚಯಿಸಿದೆ. ಮಷೀನು ಇನ್ನು ನನ್ನನ್ನು ಸತ್ತವಳೆನ್ನಲಿ ನೋಡೋಣ.

ಹಾಗೆ ಒತ್ತಿದ ಮೊದಲ ಆರ್ಡರು, ಶಕುಂತಲಾಳ ಮಗಳ ನಿಶ್ಚಯದ್ದು.

ಬಂತು. ಥ್ಯಾಂಕ್ಯೂ ಎಂದು ಮನಸ್ಸಿನಲ್ಲೇ ಅಂದು 'ಆತು' ಒತ್ತಿದೆ. ಶೇಂಗಾ ಹುರಿದೆ. ಕುಟ್ಟುವುದಕ್ಕೆ ರಟ್ಟೆಯಲ್ಲಿ ಬಲವಿಲ್ಲವೆಂದು ಮಿಕ್ಸರಿಗೆ ಹಾಕುವಷ್ಟರಲ್ಲಿ ಕರೆಂಟ್ ಹೋಯಿತು. ಬರಲಿ ಎಂದು ಮುಚ್ಚಿಟ್ಟೆ. ಬಾಜೂ ಮನೆಯವರು ಬಂದರು, ಮಾತಾಯಿತು, ಊಟವಾಯಿತು, ಕಣ್ಣು ಜೊಂಪು ಹತ್ತಿತು. ಎದ್ದು ಫೋನು ತೆಗೆದು ನೋಡಿದೆ. ನನ್ನ ಹೆಸರಿನಲ್ಲಿ ಏನೂ ಬಾಕಿ ಇಲ್ಲ. ಕ್ಲೀನ್ ಸ್ಲೇಟ್! ಈ ವಯಸ್ಸಿನಲ್ಲಿ ನೆನಪಿಟ್ಟುಕೊಳ್ಳುವ ಕೆಲಸವನ್ನು ನಾನು ಪೂರ್ತಿ ಫೋನಿಗೆ ವಹಿಸಿಬಿಟ್ಟಿದ್ದೇನೆ. ಫೋನು ಏನೂ ಇಲ್ಲ ಎಂದರೆ ಏನೂ ಇಲ್ಲ. ಹುರಿದ ಶೇಂಗಾ ಯಾಕಿದೆ ಎಂದು ಒಂದು ಗಳಿಗೆ ಅನಿಸಿತು. ಚಟ್ನಿ ಮಾಡಿದೆ.

ನಿಶ್ಚಯದ ದಿನ ಬೆಳಿಗ್ಗೆ ರೂಪಾಲಿ ಅಂಗಳದಲ್ಲಿ ನಿಂತು ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಆ ಕಡೆ ಶಕುಂತಲಾ, ಹೋಳಿಗೆ ಇನ್ನೂ ಬಂದಿಲ್ಲ ಎನ್ನುತ್ತಿದ್ದಾಳೆ. ಈ ಕಡೆ ನನ್ನ ಸೊಸೆ ತಲೆ ಎತ್ತಿ, ಸ್ಪಷ್ಟ ದನಿಯಲ್ಲಿ ಉತ್ತರ ಕೊಟ್ಟಳು.

"ಅಕ್ಕಾ, ಸಿಸ್ಟಮ್ ಸುಳ್ಳ ಹೇಳಂಗಿಲ್ಲ. ಶೇಡಬಾಳದಾಗ ಆತು ಅಂತ ಬಂದೈತಿ. ಅಂದ್ರ ಬಸ್ಸಿಗೆ ಹಾಕ್ಯಾರ. ನನ್ನ ಮ್ಯಾಲ ಬಿಡ್ರಿ."

ಅಡುಗೆಮನೆಯಲ್ಲಿ ನನ್ನ ಕೈಯಿಂದ ಚಟ್ನಿಯ ಬಟ್ಟಲು ಜಾರಿ ಕೆಳಗೆ ಬಿತ್ತು.

ಆಗ ಹೋಗಿ ನಿಜ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅವಳ ಮುಖ ನೋಡಿದೆ. ನಿಶ್ಚಯ ಸಂಜೆಗೆ, ಇನ್ನೂ ಹೊತ್ತಿದೆ. ನಾನೊಬ್ಬಳೇ ಮಾಡಿದರೆ ತೀರುವುದಿಲ್ಲ. ಬಚ್ಚಲ ಮನೆಯ ಬಾಗಿಲು ಹಾಕಿಕೊಂಡು ಮಾಲನ್‌ಬಿಗೆ ಫೋನು ಮಾಡಿದೆ. ಹೀಗೆ ಹೀಗಾಗಿದೆ, ನೀನೊಬ್ಬಳೇ ನನ್ನ ಮಾನ ಉಳಿಸಬೇಕು, ಯಾರಿಗೂ ಹೇಳಬೇಡ ಎಂದೆ. ಅವಳು ಆಗಲಿ ಎಂದಳು. ಆದರೆ ಅಥಣಿಯ ಬಸ್ಸು ಸಮಯಕ್ಕೆ ಬಾರದಿದ್ದರೆ? ನಿಪ್ಪಾಣಿಯವಳಿಗೆ ಮಾಡಿದೆ. ನೀನೊಬ್ಬಳೇ, ಯಾರಿಗೂ ಹೇಳಬೇಡ. ಅವಳ ಹಿಟ್ಟು ಮುಗಿದಿದ್ದರೆ? ಪಾಲಬಾವಿಗೆ ಮಾಡಿದೆ. ನೀವೊಬ್ಬರೇ, ಯಾರಿಗೂ ಹೇಳಬೇಡಿ. ಕಡೆಗೆ ಯಾರನ್ನೂ ನಂಬದೆ ನಾನೂ ಸೆರಗು ಕಟ್ಟಿ ಒಲೆ ಹೊತ್ತಿಸಿದೆ.

ರೂಪಾಲಿಗೆ ಮನೆಯ ಉಡುಗೊರೆ ಎಂದು ಹೇಳಿ ನನ್ನ ಹೋಳಿಗೆಯ ಡಬ್ಬಿ ಕಂಕುಳಲ್ಲಿಟ್ಟುಕೊಂಡು, ಅವಳ ಜೊತೆ ಚಿಕ್ಕೋಡಿಯಲ್ಲಿ ಬಸ್ಸಿನಿಂದ ಇಳಿದಾಗ, ಸ್ಟ್ಯಾಂಡಿನಲ್ಲಿ ಮಾಲನ್‌ಬಿ ಮಗನ ತಲೆಯ ಮೇಲೆ ಡಬ್ಬಿಗಳನ್ನು ಹೊರಿಸಿ ಬರುತ್ತಿದ್ದಳು. ನನಗೆ ಕಣ್ಣು ಮಿಟುಕಿಸಿದಳು. ಅವಳ ಹಿಂದೆಯೇ ನಿಪ್ಪಾಣಿಯ ಬಸ್ಸಿನಿಂದ ಇನ್ನೊಬ್ಬಳು ಇಳಿದಳು. ಅವಳೂ ಕಣ್ಣು ಮಿಟುಕಿಸಿದಳು. ಪಾಲಬಾವಿಯವರು ಟೆಂಪೋ ಮಾಡಿಕೊಂಡೇ ಬಂದಿದ್ದರು. ಎಲ್ಲರೂ ಒಬ್ಬರ ಡಬ್ಬಿಯನ್ನು ಒಬ್ಬರು ನೋಡಿದರು. ಆಮೇಲೆ ಎಲ್ಲರೂ ನನ್ನನ್ನು ನೋಡಿದರು. ರೂಪಾಲಿಯೂ ನೋಡಿದಳು. ಇನ್ನು ಮುಚ್ಚಿಡಲಿಕ್ಕೆ ಏನೂ ಉಳಿದಿರಲಿಲ್ಲ, ಬಸ್ ಸ್ಟ್ಯಾಂಡಿನಲ್ಲೇ ಎಲ್ಲ ಹೇಳಿಬಿಟ್ಟೆ.

ಅಂದು ಶಕುಂತಲಾಳ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಡುಗೆಮನೆಯಲ್ಲಿ ಹೋಳಿಗೆ, ಮಂಚದ ಕೆಳಗೆ ಹೋಳಿಗೆ, ಟೀವಿಯ ಮೇಲೆ ಹೋಳಿಗೆ. ಬಂದವರಿಗೆಲ್ಲ ಪೊಟ್ಟಣ ಕಟ್ಟಿ ಕೊಟ್ಟರು. ಪೆಂಡಾಲಿನವರಿಗೆ ಕೊಟ್ಟರು, ಫೋಟೋದವರಿಗೆ ಕೊಟ್ಟರು, ದಾರಿಯಲ್ಲಿ ಹೋಗುವವರನ್ನು ಕರೆದು ಕೊಟ್ಟರು. ಗಂಡಿನ ಕಡೆಯ ಹಿರಿಯರೊಬ್ಬರು, ನಿಶ್ಚಯಕ್ಕೇ ಇಷ್ಟಾದರೆ ಮದುವೆಗೆ ನಾವು ಲಾರಿ ತರಬೇಕೇನು ಎಂದು ಗಾಬರಿಯಿಂದ ವಿಚಾರಿಸಿದರು.

ಎಲ್ಲ ಮುಗಿದ ಮೇಲೆ ಶಕುಂತಲಾ ನಮ್ಮನ್ನೆಲ್ಲ ಒಳಗೆ ಕರೆದಳು. ರೂಪಾಲಿ ಬಾಗಿಲ ಹತ್ತಿರ ನಿಂತಿದ್ದಳು. ಲ್ಯಾಪ್‌ಟಾಪಿನ ಚೀಲವನ್ನು ಎದೆಗೆ ಅವಚಿಕೊಂಡಿದ್ದಳು. ನಾನು ಮುಂದೆ ಹೋಗಿ, ಮಷೀನಿನ ತಪ್ಪು ಒಂದೂ ಇಲ್ಲ, ಮೂರು ಸಲವೂ ತಪ್ಪು ನನ್ನದೇ ಎಂದೆ. ಶಕುಂತಲಾ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದಳು.

"ಕಾಕು, ನಿಮ್ಮ ಕೈಯಾಗ ಮಷೀನ್ ಇದ್ದಾಗ ಬರೇ ಒಂದು ಮನಿ ಹೋಳಿಗ್ಯಾಗ ಮುಳುಗಿತ್ತು. ಬರೇ ಫೋನ್ ಇದ್ದಾಗ ಇಡೀ ಚಿಕ್ಕೋಡಿನ ಮುಳುಗಿತು." ಆಮೇಲೆ ಬಾಗಿಲ ಕಡೆ ತಿರುಗಿದಳು. "ರೂಪಾಲಿ, ನಿನ್ನ ಮಷೀನ್ ಇರಲಿ ವಾ."

ಹೀಗೆ, ನಾನು ಉದ್ಧಾರ ಮಾಡಲು ಹೊರಟದ್ದು ನನ್ನ ಸಹಾಯವಿಲ್ಲದೆಯೂ ಉದ್ಧಾರವಾಯಿತು. ಸಂಘ ಈಗ ಅವಳ ಕ್ಯೂದಿಂದಲೇ ನಡೆಯುತ್ತಿದೆ. ಅವಳು ಪ್ರತಿ ಆರ್ಡರಿಗೂ ಒಂದು ನಂಬರು ಕೊಟ್ಟಿದ್ದಾಳೆ. ಆ ನಂಬರಿನ ಡಬ್ಬಿ ಒಮ್ಮೆ ಹೋಗಿದ್ದರೆ, ಮಷೀನು ಎರಡನೆಯ ಸಲ ಯಾರಿಗೂ ಒಲೆ ಹೊತ್ತಿಸಲು ಬಿಡುವುದಿಲ್ಲ. ಓಣಿಯ ಹೆಂಗಸರು ಈಗ, ಮೇಲೆ ಕುಳಿತು ಹೋಳಿಗೆ ನಡೆಸುತ್ತಾಳೆ ಎನ್ನುತ್ತಾರೆ. ಪ್ರೋಗ್ರೆಸ್!

ನನಗೆ ಬೇರೆ ಹುದ್ದೆ ಕೊಟ್ಟಿದ್ದಾರೆ. ಯಾರ ಕೈಲೂ ಆಗದ, ಅರ್ಥವೇ ಆಗದ, ಎಲ್ಲ ಒಲೆಗಳನ್ನೂ ಸುತ್ತಿ ಸುತ್ತಿ ತಿರುಗಿ ಬರುವ ಮೆಸೇಜುಗಳನ್ನು ಮಷೀನು ಬೇರೊಂದು ಕಡೆಗೆ ಹಾಕಿಡುತ್ತದಂತೆ. ಒಬ್ಬರು ಕುಳಿತು ಅವನ್ನು ಓದಿ ಉತ್ತರ ಬರೆಯಬೇಕು, ಇಂಗ್ಲಿಷ್ ಬಲ್ಲವರು ಬೇಕು ಎಂದಳು ರೂಪಾಲಿ. ನನಗೆ ಹೃದಯ ತುಂಬಿ ಬಂತು. ಕಡೆಗೂ ಒಂದು ರೈಟಿಂಗ್ ಜಾಬ್! ಆ ವಿಭಾಗದ ಹೆಸರೇನು ಎಂದು ಕೇಳಿದೆ. ಅವಳು ಸ್ವಲ್ಪ ಅನುಮಾನಿಸಿ, ಸಾಫ್ಟ್‌ವೇರಿನಲ್ಲಿ ಅದಕ್ಕೆ ಡೆಡ್ ಲೆಟರ್ ಅನ್ನುತ್ತಾರೆ ಎಂದಳು. ನಮ್ಮವರು ಪೇಪರನ್ನು ಮುಖದ ತನಕ ಎತ್ತಿಕೊಂಡರು. ಪೇಪರು ಬಹಳ ಹೊತ್ತು ಅಲುಗಾಡುತ್ತಿತ್ತು.

ಇವತ್ತು ಬೆಳಿಗ್ಗೆ ಅಧಿಕಾರ ವಹಿಸಿಕೊಂಡೆ. ಒಂದೇ ಒಂದು ಮೆಸೇಜು ಕಾಯುತ್ತಿತ್ತು. ಉಳಿದ ಎಲ್ಲ ಊರು ಸುತ್ತಿ, ಎಲ್ಲರ ಒಲೆಯ ಮುಂದೆ ನಿಂತು, ಯಾರಿಗೂ ಏನೂ ಮಾಡಲಾಗದೆ ಬಂದು ಬಿದ್ದಿತ್ತು. ಮಾಲನ್‌ಬಿಯಂತೂ, ಇದಕ್ಕೆ ಬೆಲ್ಲ ಎಷ್ಟು ಹಾಕಬೇಕು ಎಂದು ಬರೆದು ಬಿಟ್ಟಿದ್ದಳು. ತೆರೆದೆ. 'ರಿಸ್ಪೆಕ್ಟೆಡ್ ಮೆಂಬರ್ಸ್, ಐ ಡೀಪ್ಲಿ ರಿಗ್ರೆಟ್' ಎಂದು ಶುರುವಾಗಿತ್ತು. ಬಹಳ ಸುಂದರವಾದ ಇಂಗ್ಲಿಷ್. ಯಾರಿರಬಹುದು ಎಂದು ಕೆಳಗಿನ ಹೆಸರು ನೋಡಿದೆ.

ನಿಶ್ಚಯದ ಮರುದಿನ ಸಂಘದವರ ಕ್ಷಮೆ ಕೇಳಿ ನಾನೇ ಬರೆದದ್ದು. ಹೋಳಿಗೆಯ ಆರ್ಡರು ಬರೆಯುವ ಜಾಗದಲ್ಲಿ ಬರೆದು ಕಳಿಸಿಬಿಟ್ಟಿದ್ದೆ.

ನಿಯಮದ ಪ್ರಕಾರ ಈಗ ನನಗೆ ನಾನೇ ಉತ್ತರ ಬರೆಯಬೇಕು. ಕ್ಷಮಿಸುವುದೋ ಬಿಡುವುದೋ ಇನ್ನೂ ತೀರ್ಮಾನವಾಗಿಲ್ಲ.